ಕಡ್ಡಿಹುಳುವಿನ ಕುಲಗೋತ್ರ

ಮುಂಡರಗಿಯಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದ ಕಾಲದ ಮಾತು. ಮಳೆಗಾಲದ ಒಂದು ಮುಂಜಾನೆ ವಿದ್ಯಾರ್ಥಿಯೊಬ್ಬನು ಕಪ್ಪತಗುಡ್ಡದ ಕಡೆಯಿಂದ ಕಂಪಾಸು ಪೆಟ್ಟಿಗೆಯಲ್ಲಿ ಏನನ್ನೋ ಮುಚ್ಚಿಟ್ಟು ತಂದು, "ಸರ, ಕಡ್ಡಿ ನಡೀತೈತ್ರಿ!" ಎಂದನು. ನೋಡಿದರೆ ಕಡ್ಡಿಹುಳು. ಕೈಮುಗಿದಂತೆ ಕೂರುವ ಸೂರ್ಯನ ಕುದುರೆಯ ಬಳಗದ್ದೆಂದು ನಾನು ಧೈರ್ಯವಾಗಿ ಹೇಳಿಬಿಟ್ಟೆ. "ಅದು ಹುಳಾ ಹಿಡಿದು ತಿಂತೈತಿ, ಇದು ಎಲಿ ಯಾಕ ತಿಂತೈತ್ರಿ?" ಎಂದು ಅವನು ಕೇಳಿದಾಗ ಉತ್ತರ ತೋಚದೆ, ಕುಳಿತುಕೋ ಎಂದು ಗದರಿಸಿದೆ. ಆ ಸಾಲ ಇನ್ನೂ ತೀರಿಲ್ಲ.

ನಿವೃತ್ತನಾದ ಮೇಲೆ ಓದಿದಾಗ ತಿಳಿಯಿತು, ನನ್ನ ತಪ್ಪನ್ನೇ 1758ರಲ್ಲಿ ಲಿನ್ನೇಯಸ್ ಮಹಾಶಯನೂ ಮಾಡಿದ್ದನು. ಕಡ್ಡಿಹುಳು, ಎಲೆಹುಳುಗಳೆರಡನ್ನೂ ಅವನು ಸೂರ್ಯನ ಕುದುರೆಯ ಗುಂಪಿಗೇ ಸೇರಿಸಿದ್ದನು. 1796ರಲ್ಲಿ ಲಿಖ್ಟೆನ್‌ಸ್ಟೈನ್ ಅವುಗಳಿಗೆ 'ಫ್ಯಾಸ್ಮಾ' ಎಂಬ ಬೇರೆ ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಮಾಯಾರೂಪ, ಭೂತ. ಇದಕ್ಕಿಂತ ಒಪ್ಪುವ ಹೆಸರು ಸಿಗಲಾರದು! 1835ರಲ್ಲಿ ಬ್ರಿಟನ್ನಿನ ಗ್ರೇ ಇವನ್ನು ಪ್ರತ್ಯೇಕ ಕುಟುಂಬವೆಂದು ವರ್ಣಿಸಿದನು. 1906ರಿಂದ 1908ರವರೆಗೆ ಬ್ರುನ್ನರ್ ಮತ್ತು ರೆಡ್ಟೆನ್‌ಬಾಖರ್ ದೊಡ್ಡ ಗ್ರಂಥವನ್ನೇ ಹೊರತಂದರು. ಅಂದಿನ ವಿಂಗಡಣೆಯೆಲ್ಲ ಕಾಲು, ಮೀಸೆಗಳ ಹೊರರೂಪವನ್ನೇ ನಂಬಿತ್ತು. ಇತರರನ್ನು ಮೋಸಗೊಳಿಸುವುದೇ ಕಸುಬಾಗಿರುವ ಹುಳುವಿನ ರೂಪವನ್ನು ನಂಬುವುದೆಂದರೆ!

ನಮ್ಮ ನಾಡಿನ ನೆರೆಯದೇ ಒಂದು ನಿದರ್ಶನವಿದೆ. ತಮಿಳುನಾಡಿನ ಕೊಡೈಕೆನಾಲ್ ಬಳಿಯ ಶೆಂಬಗನೂರಿನ ಕಡ್ಡಿಹುಳುವನ್ನು 1901ರಲ್ಲಿ ಸಿನೆಟಿ ಎಂಬ ಜೆಸುಯಿಟ್ ಪಾದ್ರಿ ವರ್ಣಿಸಿದನು. ಅದೇ ಕರೌಸಿಯಸ್ ಮೊರೋಸಸ್. ಗಂಡಿನ ನೆರವಿಲ್ಲದೆಯೇ ಹೆಣ್ಣು ಮೊಟ್ಟೆಯಿಟ್ಟು ಸಂತತಿ ಬೆಳೆಸುವುದರಿಂದ ಯುರೋಪಿನ ಪ್ರಯೋಗಾಲಯಗಳಿಗೂ ಶಾಲೆಗಳಿಗೂ ಅದು ಅಚ್ಚುಮೆಚ್ಚಾಯಿತು. ರೆಕ್ಕೆಯಿಲ್ಲದ ಈ ಜೀವಿ ಮನುಷ್ಯರ ಕೈಯಿಂದ ತಪ್ಪಿಸಿಕೊಂಡು ಕ್ಯಾಲಿಫೋರ್ನಿಯಾ, ದಕ್ಷಿಣ ಆಫ್ರಿಕಾಗಳಲ್ಲಿಯೂ ನೆಲೆಯೂರಿದೆ. ತಾನಾಗಿ ಹರಡಬೇಕಾದರೆ ಮಾತ್ರ ಇರುವೆಯೇ ಗತಿ. ಮೊಟ್ಟೆಯ ತುದಿಯ ಜಿಡ್ಡಿನ ಗುಬುಟಿಗೆ ಆಸೆಪಟ್ಟು ಇರುವೆಗಳು ಅದನ್ನು ಗೂಡಿಗೆ ಹೊತ್ತೊಯ್ಯುತ್ತವೆ.

ಬಹುಕಾಲ ಫ್ಯಾಸ್ಮಟಿಡೇ ಕುಟುಂಬದಲ್ಲಿದ್ದ ಈ ಹುಳುವನ್ನು, ಡಿಎನ್‌ಎ ಪರೀಕ್ಷೆಯ ಆಧಾರದ ಮೇಲೆ 2018ರಲ್ಲಿ ಲಾಂಕೋಡಿಡೇ ಎಂಬ ಬೇರೆ ಕುಟುಂಬಕ್ಕೆ ಸೇರಿಸಲಾಯಿತು. ಈ ಕುಟುಂಬದ ಹೆಚ್ಚಿನ ಸದಸ್ಯರು ದಕ್ಷಿಣ ಮತ್ತು ಆಗ್ನೇಯ ಏಷ್ಯಾದಿಂದ ನ್ಯೂಗಿನಿ, ಆಸ್ಟ್ರೇಲಿಯಾಗಳವರೆಗೆ ಹಬ್ಬಿದ್ದಾರೆ. ಜಗತ್ತಿನಲ್ಲಿ ಒಟ್ಟು ಮೂರು ಸಾವಿರಕ್ಕೂ ಹೆಚ್ಚು ಜಾತಿಯ ಕಡ್ಡಿಹುಳು, ಎಲೆಹುಳುಗಳಿದ್ದು, ಬಹುಪಾಲು ಉಷ್ಣವಲಯದ ವಾಸಿಗಳು.

ಅಂದು ಗದರಿಸಿಕೊಂಡ ಹುಡುಗನು ಇದನ್ನು ಓದುತ್ತಿದ್ದರೆ ಅವನಿಗೆ ಉತ್ತರ ಇಲ್ಲಿದೆ: ಸೂರ್ಯನ ಕುದುರೆಗೆ ಹತ್ತಿರದ ನೆಂಟ ಜಿರಲೆ. ಕಡ್ಡಿಹುಳುವಿನ ನೆಂಟರೋ, ಮುಂಗಾಲಿನಿಂದ ರೇಷ್ಮೆ ನೂತು, ಆ ಸುರಂಗದಲ್ಲಿ ಅಡಗಿ ಬಾಳುವ ಎಂಬಿಯಾ ಎಂಬ ಪುಟ್ಟ ಕೀಟಗಳು. ನೀನು ಕೇಳಿದ್ದು ಸರಿಯಾಗಿಯೇ ಇತ್ತಪ್ಪಾ.