ನೂರು ಯೆನ್ನಿನ ಆಟದಂಗಡಿ

ಜಪಾನಿನ ಗೇಮ್ ಸೆಂಟರುಗಳು ಏಕೆ ಮುಚ್ಚಿದವು ಎಂದು ಕೇಳಿದರೆ ಎಲ್ಲರ ಬಾಯಲ್ಲೂ ಉತ್ತರ ಸಿದ್ಧವಾಗಿದೆ: ಆಟ ಮೊದಲು ಮನೆಗೆ ಬಂತು, ಆಮೇಲೆ ಜೇಬಿಗೆ ಬಂತು, ಅಂಗಡಿಗೆ ಹೋಗುವವರು ನಿಂತುಹೋದರು. ಈ ಉತ್ತರ ಹೇಳಲು ಸುಲಭ, ಆದರೆ ಇಸವಿಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ನಿಲ್ಲುವುದಿಲ್ಲ. ನಿಂಟೆಂಡೊ ಕಂಪನಿಯ ಫ್ಯಾಮಿಕಾಂ 14,800 ಯೆನ್ನಿಗೆ ಜಪಾನಿನ ಮನೆಗಳನ್ನು ಹೊಕ್ಕದ್ದು 1983ರ ಜುಲೈನಲ್ಲಿ. ಅದಾಗಿ ಮೂರು ವರ್ಷಕ್ಕೆ, 1986ರಲ್ಲಿ, ಅಲ್ಲಿನ ಪೊಲೀಸರ ಲೆಕ್ಕದಲ್ಲಿ 26,000ಕ್ಕೂ ಹೆಚ್ಚು ಆಟದಂಗಡಿಗಳಿದ್ದವು. 2019ರ ಹೊತ್ತಿಗೆ ಅವು ಸುಮಾರು 4,000ಕ್ಕೆ ಇಳಿದಿದ್ದವು. ಮನೆಯ ಯಂತ್ರವೇ ಕೊಲೆಗಾರನಾಗಿದ್ದರೆ ಅದು ಇಷ್ಟು ನಿಧಾನವಾಗಿ ಕೊಲ್ಲುತ್ತಿರಲಿಲ್ಲ, ನಡುವೆ ಎರಡು ಬಾರಿ ಆ ವ್ಯಾಪಾರ ಮತ್ತೆ ತಲೆಯೆತ್ತಿ ನಿಲ್ಲುತ್ತಲೂ ಇರಲಿಲ್ಲ. ಗೇಮ್ ಸೆಂಟರ್ ಎಂಬುದು ತಂತ್ರಜ್ಞಾನದ ಕೂಸು ಎನ್ನುವುದಕ್ಕಿಂತ ನಗರದ ಕೂಸು ಎನ್ನುವುದು ಹೆಚ್ಚು ನಿಜ. ಅದು ಹುಟ್ಟಿದ್ದು ನಗರದವರ ಬಿಡುವಿನ ನಿಮಿಷಗಳಿಂದ ಮತ್ತು ಜೇಬಿನ ಚಿಲ್ಲರೆಯಿಂದ. ಅದು ಸೊರಗಿದ್ದೂ ಆ ಚಿಲ್ಲರೆಯ ಲೆಕ್ಕ ಕೂಡದೆ ಹೋದಾಗಲೇ.

ಈ ಕಸುಬಿನ ಬೇರು ವಿಡಿಯೊ ಗೇಮಿಗಿಂತ ಹಳೆಯದು. 1931ರಲ್ಲೇ ತೋಕಿಯೊದ ಅಸಾಕುಸಾದಲ್ಲಿ ಮತ್ಸುಯಾ ಡಿಪಾರ್ಟ್‌ಮೆಂಟ್ ಸ್ಟೋರಿನ ಮಾಳಿಗೆಯ ಮೇಲೆ ಮಕ್ಕಳ ಆಟದ ಲೋಕವೊಂದು ತೆರೆದಿತ್ತು. ಯುದ್ಧ ಮುಗಿದ ಮೇಲೆ, 1955ರಲ್ಲಿ, ಮಸಾಯಾ ನಕಮುರಾ ಎಂಬಾತ ಯೊಕೊಹಾಮಾದ ಅಂಗಡಿಯೊಂದರ ಮಾಳಿಗೆಯಲ್ಲಿ ಎರಡು ತೂಗುಕುದುರೆಗಳನ್ನಿಟ್ಟು ಕಸುಬು ಶುರುಮಾಡಿದ. ಮುಂದೆ ಪ್ಯಾಕ್-ಮ್ಯಾನ್ ಆಟವನ್ನು ಜಗತ್ತಿಗೆ ಕೊಟ್ಟ ನಾಮ್ಕೊ ಕಂಪನಿ ಬೆಳೆದದ್ದು ಆ ಎರಡು ಕುದುರೆಗಳ ಬೆನ್ನ ಮೇಲೆ. ಒಡೆಸ್ಸಾದಲ್ಲಿ ಹುಟ್ಟಿ, ಚೀನಾದ ಹಾರ್ಬಿನ್‌ನಲ್ಲಿ ಬೆಳೆದ ಮೈಕೆಲ್ ಕೋಗನ್ 1953ರಲ್ಲಿ ತೋಕಿಯೊದಲ್ಲಿ ತೈತೊ ಸಂಸ್ಥೆಯನ್ನು ಕಟ್ಟಿ ವೋಡ್ಕಾದಿಂದ ಹಿಡಿದು ಜೂಕ್‌ಬಾಕ್ಸಿನವರೆಗೆ ಕೈಹಾಕಿದ. ಡೇವಿಡ್ ರೋಸನ್ ಎಂಬ ಅಮೆರಿಕನ್ ಗುರುತುಚೀಟಿಗೆ ಬೇಕಾದ ಫೋಟೊ ತೆಗೆಯುವ ಗೂಡುಗಳನ್ನು ನಿಲ್ಲಿಸಿದ. ಅವನ ವ್ಯಾಪಾರ 1965ರಲ್ಲಿ ಇನ್ನೊಂದು ಕಂಪನಿಯ ಜೊತೆ ಸೇರಿ ಸೆಗಾ ಆಯಿತು. ಈ ಮೂವರೂ ಮಾರಿದ್ದು ಒಂದೇ ಸರಕು. ಜನ ರೈಲು ಹಿಡಿಯುವ ಮುನ್ನ, ಖರೀದಿ ಮುಗಿಸಿದ ಮೇಲೆ, ಗೆಳೆಯನಿಗಾಗಿ ಕಾಯುವಾಗ ಕೈಯಲ್ಲಿ ಉಳಿಯುವ ಐದು-ಹತ್ತು ನಿಮಿಷಗಳನ್ನೇ ಅವರು ನಾಣ್ಯಕ್ಕೆ ಬದಲಾಯಿಸಿಕೊಟ್ಟರು. ಹಳ್ಳಿಯಲ್ಲಿ ಅರಳಿಕಟ್ಟೆಯ ಮೇಲೆ ಪುಕ್ಕಟೆಯಾಗಿ ಕಳೆಯುವ ಅದೇ ನಿಮಿಷಗಳಿಗೆ, ಕೂರಲು ಕಟ್ಟೆಯಿಲ್ಲದ ನಗರದಲ್ಲಿ ಬೆಲೆ ಬರುತ್ತದೆ.

1978ರಲ್ಲಿ ತೈತೊದ ತೊಮೊಹಿರೊ ನಿಶಿಕಾದೊ ತಯಾರಿಸಿದ ಸ್ಪೇಸ್ ಇನ್ವೇಡರ್ಸ್ ಈ ನಿಮಿಷಗಳಿಗೆ ಸಿಕ್ಕ ದೊಡ್ಡ ಗ್ರಾಹಕ. ಯಂತ್ರವನ್ನೂ ಪ್ರೋಗ್ರಾಮನ್ನೂ ಹೆಚ್ಚುಕಡಿಮೆ ಒಬ್ಬನೇ ಕೂತು ಮಾಡಿದ ಆಟವದು. ಪರದೆಯ ಮೇಲಿನ ಶತ್ರುಗಳು ಕಡಿಮೆಯಾದಂತೆ ಉಳಿದವರ ವೇಗ ಹೆಚ್ಚುವುದು ಅದರ ಜೀವಾಳ. ಅಂದಿನ ಪ್ರೊಸೆಸರ್ ಚಿತ್ರ ಬಿಡಿಸುವ ಭಾರ ಇಳಿದಷ್ಟೂ ಚುರುಕಾಗುತ್ತಿದ್ದರಿಂದ ತಾನಾಗಿ ಒದಗಿಬಂದ ಗುಣವದು, ನಿಶಿಕಾದೊ ಅದನ್ನು ತಿದ್ದದೆ ಉಳಿಸಿಕೊಂಡ. ಈ ಆಟ ಜಪಾನನ್ನು ಆವರಿಸಿದ್ದು ದೊಡ್ಡ ಮಳಿಗೆಗಳಿಂದಲ್ಲ, ಕಾಫಿ ಅಂಗಡಿಗಳ ಮೇಜಿನ ರೂಪದಲ್ಲಿ. ಗಾಜಿನ ಮೇಜಿನ ಕೆಳಗೆ ಪರದೆ, ಮೇಲೆ ಕಾಫಿಯ ಬಟ್ಟಲು, ಪಕ್ಕದಲ್ಲಿ 100 ಯೆನ್ನಿನ ನಾಣ್ಯಗಳ ಗುಡ್ಡೆ. ಬರೀ ಈ ಆಟವನ್ನೇ ಇಟ್ಟ ಇನ್ವೇಡರ್ ಹೌಸುಗಳೂ ಎದ್ದವು. ಇದರಿಂದ ದೇಶದಲ್ಲಿ 100 ಯೆನ್ನಿನ ನಾಣ್ಯಕ್ಕೇ ಬರ ಬಂತು ಎಂಬ ಕಥೆಯನ್ನು ಅನೇಕ ಪುಸ್ತಕಗಳು ಒಂದರಿಂದೊಂದು ಎತ್ತಿ ಬರೆದಿವೆ. ಆದರೆ ಆ ವರ್ಷ ಟಂಕಿಸಿದ ನಾಣ್ಯ ಹಿಂದಿನ ವರ್ಷಕ್ಕಿಂತ ಕಡಿಮೆಯೇ ಇತ್ತು. ಯಂತ್ರದ ಹೊಟ್ಟೆಗೆ ಬಿದ್ದ ನಾಣ್ಯ ಅಲ್ಲೇ ಕೂರುವುದಿಲ್ಲ, ವಾರದೊಳಗೆ ಬ್ಯಾಂಕಿಗೆ ಮರಳುತ್ತದೆ. ಕಥೆ ಸುಳ್ಳಾದರೂ ಅದು ಬಾಳಿದ್ದೇಕೆ ಎಂಬುದು ಯೋಚಿಸಬೇಕಾದ ಮಾತು: ಆಟ ಮತ್ತು ಆ ಒಂದು ನಾಣ್ಯ ಜನರ ಮನಸ್ಸಿನಲ್ಲಿ ಬಿಡಿಸಲಾಗದಂತೆ ಬೆಸೆದುಹೋಗಿದ್ದವು.

ಮನೆಯಲ್ಲಿ ಸಿಗದ ಏನೋ ಒಂದು ಅಂಗಡಿಯಲ್ಲಿ ಸಿಗುತ್ತಿತ್ತು ಎನ್ನುವುದಕ್ಕೆ ಅತ್ಯುತ್ತಮ ಸಾಕ್ಷಿ 1984ರ ದ ಟವರ್ ಆಫ್ ದ್ರುವಾಗಾ. ನಾಮ್ಕೊದ ಮಸನೊಬು ಎಂದೊ ರೂಪಿಸಿದ ಈ ಆಟದಲ್ಲಿ 60 ಅಂತಸ್ತುಗಳ ಗೋಪುರವಿದೆ. ಅಂತಸ್ತುಗಳಲ್ಲಿ ನಿಧಿ ಅಡಗಿದೆ, ಅದನ್ನು ಹೊರತೆಗೆಯುವ ಉಪಾಯವನ್ನು ಆಟ ಎಲ್ಲೂ ಹೇಳುವುದಿಲ್ಲ. ಒಂದು ಅಂತಸ್ತಿನಲ್ಲಿ ಇಂಥ ಶತ್ರುವನ್ನು ಇಂಥ ಕ್ರಮದಲ್ಲೇ ಕೊಲ್ಲಬೇಕು, ಇನ್ನೊಂದರಲ್ಲಿ ಬೇರೆಯದೇ ಗುಟ್ಟು. ಒಬ್ಬನೇ ಕೂತು ಇಷ್ಟನ್ನೂ ಬಿಡಿಸುವುದು ಆಗದ ಮಾತು. ಆದರೂ ಜಪಾನಿನ ಹುಡುಗರು ಗೋಪುರದ ತುದಿ ಮುಟ್ಟಿದರು. ಹೇಗೆಂದರೆ ಗೇಮ್ ಸೆಂಟರುಗಳಲ್ಲಿ ಯಂತ್ರದ ಪಕ್ಕ ಒಂದು ನೋಟ್‌ಬುಕ್ ಇರುತ್ತಿತ್ತು. ಬೆಳಿಗ್ಗೆ ಆಡಿದವನು ತಾನು ಕಂಡ ಗುಟ್ಟನ್ನು ಬರೆದು ಹೋಗುತ್ತಿದ್ದ, ಸಂಜೆ ಬಂದವನು ಅಲ್ಲಿಂದ ಮುಂದೆ ಹತ್ತುತ್ತಿದ್ದ. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಇರಬಹುದಿತ್ತು. 1986ರಲ್ಲಿ ಆರಂಭವಾಗಿ 1999ರವರೆಗೆ ನಡೆದ ಗೇಮೆಸ್ಟ್ ಪತ್ರಿಕೆ ಈ ನೋಟ್‌ಬುಕ್ಕಿನ ಸಂಸ್ಕೃತಿಯನ್ನೇ ದೇಶಕ್ಕೆ ಹಂಚಿತು, ಊರೂರಿನ ಅಂಗಡಿಗಳಿಂದ ಸ್ಕೋರುಗಳನ್ನು ತರಿಸಿ ರಾಷ್ಟ್ರೀಯ ದಾಖಲೆಯೆಂದು ಅಚ್ಚು ಹಾಕಿತು. ನಮ್ಮ ಗರಡಿಮನೆಯಲ್ಲಿ ಪಟ್ಟು ಕಲಿಯುವುದು ಹೇಳಿಸಿಕೊಂಡಷ್ಟೇ ನೋಡುತ್ತ ನಿಂತು. ಇಲ್ಲಿಯೂ ಅಷ್ಟೆ, ಬೆನ್ನ ಹಿಂದೆ ನಿಂತು ನೋಡುವವನು ಅರ್ಧ ಕಲಿತಿರುತ್ತಿದ್ದ. ಈ ಕಲಿಕೆಗೆ ಯಂತ್ರವೊಂದಿದ್ದರೆ ಸಾಲದು, ಅಪರಿಚಿತರು ದಿನವೂ ಹಾದುಹೋಗುವ ಒಂದು ಜಾಗ ಬೇಕು.

ಹಾಗಿದ್ದರೂ ಮನೆಯ ಯಂತ್ರ ಪೆಟ್ಟು ಕೊಡಲಿಲ್ಲವೇ? ಕೊಟ್ಟಿತು. 1994ರಲ್ಲಿ ಪ್ಲೇಸ್ಟೇಷನ್ ಮತ್ತು ಸ್ಯಾಟರ್ನ್ ಬಂದ ಮೇಲೆ ಅಂಗಡಿಯ ಚಿತ್ರಕ್ಕೂ ಮನೆಯ ಚಿತ್ರಕ್ಕೂ ಇದ್ದ ಅಂತರ ಬೇಗ ಕಿರಿದಾಯಿತು, ಒಂಟಿಯಾಗಿ ಆಡುವ ಆಟಗಳು ಅಂಗಡಿಯಿಂದ ಮರೆಯಾಗುತ್ತ ಬಂದವು. ಆದರೆ ಅದಕ್ಕೆ ಮೂರು ವರ್ಷ ಮುಂಚೆ, 1991ರಲ್ಲಿ, ಇಬ್ಬರು ಎದುರುಬದುರಾಗಿ ಸೆಣಸುವ, ಕ್ಯಾಪ್‌ಕಾಂ ಕಂಪನಿಯ ಸ್ಟ್ರೀಟ್ ಫೈಟರ್ 2 ಬಂದು ಅಂಗಡಿಯ ಬದುಕನ್ನೇ ಬದಲಿಸಿತ್ತು. ಮೊದಲು ಇಬ್ಬರು ಭುಜಕ್ಕೆ ಭುಜ ತಾಗಿಸಿ ಕೂರಬೇಕಿತ್ತು, ಗುರುತಿಲ್ಲದವನ ಜೊತೆ ಹಾಗೆ ಕೂರಲು ಜಪಾನೀಯರಿಗೆ ಸಂಕೋಚ. ಕೆಲವೇ ಕಾಲದಲ್ಲಿ ಎರಡು ಯಂತ್ರಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಜೋಡಿಸುವ ಪದ್ಧತಿ ಬಂತು. ಈಗ ಎದುರಾಳಿಯ ಮುಖ ಕಾಣುವುದಿಲ್ಲ, ಅವನ ಕೈಚಳಕ ಮಾತ್ರ ಕಾಣುತ್ತದೆ. ಯಾರನ್ನೂ ಕೇಳದೆ ಆಚೆ ಬದಿಯಲ್ಲಿ ನಾಣ್ಯ ಹಾಕಿದರೆ ಸವಾಲು ಹಾಕಿದಂತೆಯೇ. ಜನನಿಬಿಡ ನಗರದಲ್ಲಿ ಒಬ್ಬರಿಗೊಬ್ಬರು ಹತ್ತಿರವೂ ಇದ್ದು ದೂರವೂ ಇರುವ ಬಾಳಿಗೆ ಇದಕ್ಕಿಂತ ಚೆನ್ನಾಗಿ ಒಪ್ಪುವ ಪೀಠೋಪಕರಣವನ್ನು ಯಾರೂ ಮಾಡಿಲ್ಲ ಎಂದು ನಾನು ನಂಬುತ್ತೇನೆ. ಇದರಲ್ಲಿ ಅಂಗಡಿಯವನ ಲೆಕ್ಕವೂ ಇತ್ತು. ಪಳಗಿದ ಕೈಯೊಂದು ಗುಂಡು ಹಾರಿಸುವ ಆಟದ ಮುಂದೆ ಒಂದೇ ನಾಣ್ಯಕ್ಕೆ ಗಂಟೆಗಟ್ಟಲೆ ಕೂರಬಲ್ಲದು. ಕುಸ್ತಿಯಂಥ ಆಟದಲ್ಲಿ ಮಾತ್ರ ಎರಡು-ಮೂರು ನಿಮಿಷಕ್ಕೆ ಒಬ್ಬ ಸೋಲಲೇಬೇಕು, ಸೋತವನು ಏಳಲೇಬೇಕು, ಇಲ್ಲವೇ ಮತ್ತೆ 100 ಯೆನ್ ಹಾಕಬೇಕು. ನಾಣ್ಯದ ಬೆಲೆ ಏರದೆ ನಿಂತಾಗ ಆಟದ ಕಾಲವನ್ನೇ ಕಡಿಮೆ ಮಾಡಿದ ಉಪಾಯವಿದು.

ಕಾಲದ ಮೇಲೆ ಇನ್ನೊಂದು ಕಡೆಯಿಂದಲೂ ಕತ್ತರಿ ಬಿದ್ದಿತ್ತು. ಮೋಜಿನ ಮನೆಗಳನ್ನು ನಿಯಂತ್ರಿಸುವ 1948ರ ಕಾಯ್ದೆಗೆ 1984ರಲ್ಲಿ ತಂದ ತಿದ್ದುಪಡಿ 1985ರ ಫೆಬ್ರವರಿಯಲ್ಲಿ ಜಾರಿಗೆ ಬಂದು, ಗೇಮ್ ಸೆಂಟರುಗಳನ್ನು ಪೊಲೀಸ್ ಪರವಾನಗಿಯ ಅಡಿಗೆ ತಂದಿತು. ಮಧ್ಯರಾತ್ರಿಗೆ ಬಾಗಿಲು ಹಾಕಬೇಕು, 18 ದಾಟದವರು ರಾತ್ರಿ 10ರ ಮೇಲೆ ಇರಕೂಡದು. ಇಂಥ ಜಾಗಗಳಲ್ಲಿ ಹುಡುಗರು ಕೆಡುತ್ತಾರೆ ಎಂಬ ಆತಂಕ ಇದರ ಹಿಂದಿತ್ತು. ಆ ಆತಂಕವನ್ನು ಪೂರ್ತಿ ತಳ್ಳಿಹಾಕುವುದು ಪ್ರಾಮಾಣಿಕವಲ್ಲ. ಜೂಜಿನ ಯಂತ್ರಗಳು ಆಟದ ಯಂತ್ರಗಳ ವೇಷದಲ್ಲಿ ಬಂದದ್ದುಂಟು. ನಮ್ಮ ಬೆಂಗಳೂರೂ ಅದೇ ಕಾಲದಲ್ಲಿ ಅದೇ ಪ್ರಶ್ನೆಯನ್ನು ಎದುರಿಸಿತು. ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಕುರಿತ 1989ರ ಆದೇಶದಡಿ ವಿಡಿಯೊ ಗೇಮ್ ಪಾರ್ಲರುಗಳು ಪೊಲೀಸ್ ಆಯುಕ್ತರ ಅನುಮತಿ ಪಡೆಯಬೇಕಾಯಿತು. ಮಾಲೀಕರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಎಂ. ಜೆ. ಶಿವಾನಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಆ ಮೊಕದ್ದಮೆಯಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್ ನಿಯಂತ್ರಣವನ್ನು ಎತ್ತಿಹಿಡಿಯಿತು. ಅಲ್ಲಿ ಚರ್ಚೆಯಾದದ್ದು ಕೌಶಲವೋ ಅದೃಷ್ಟವೋ, ಆಟವೋ ಜೂಜೋ ಎಂಬುದು. ಅದು ನ್ಯಾಯವಾದ ಪ್ರಶ್ನೆ, ಸಂದೇಹವಿಲ್ಲ. ಆದರೆ ತೋಕಿಯೊದಲ್ಲಾಗಲಿ ಬೆಂಗಳೂರಿನಲ್ಲಾಗಲಿ ಕಾನೂನು ಈ ಅಂಗಡಿಯನ್ನು ನೋಡಿದ್ದು ಅಪಾಯದ ಜಾಗವೆಂದೇ. ಊರಿನ ಹುಡುಗರು ಪುಡಿಗಾಸಿಗೆ ಒಂದೆಡೆ ಸೇರುವ ಜಾಗ ಎಂಬ ಇನ್ನೊಂದು ಮುಖಕ್ಕೆ ಕಡತದಲ್ಲಿ ಕಾಲಮ್ಮೇ ಇರಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಸ್ಪೇಸ್ ಇನ್ವೇಡರ್ಸ್ ಕಾಲದಲ್ಲಿ ಒಂದು ಆಟಕ್ಕೆ 100 ಯೆನ್. ನಲವತ್ತು ವರ್ಷ ಕಳೆದರೂ ಬಹುಪಾಲು ಯಂತ್ರಗಳಲ್ಲಿ 100 ಯೆನ್ನೇ. ಈ ನಡುವೆ 1989ರಲ್ಲಿ ಶೇಕಡ 3ರ ಬಳಕೆ ತೆರಿಗೆ ಬಂತು. ಅದು 1997ರಲ್ಲಿ 5, 2014ರಲ್ಲಿ 8, 2019ರ ಅಕ್ಟೋಬರಿನಲ್ಲಿ 10 ಆಯಿತು. ಬೇರೆ ಅಂಗಡಿಯವನು ತೆರಿಗೆಯನ್ನು ಬೆಲೆಗೆ ಸೇರಿಸಿ 110 ಯೆನ್ ಕೇಳಬಹುದು. ನಾಣ್ಯದ ಕಿಂಡಿಗೆ ಆ ಮಾತು ಬಾರದು. ಅದು 100 ನುಂಗುತ್ತದೆ, ಅದರೊಳಗಿಂದಲೇ ತೆರಿಗೆ ಕಳೆದರೆ ಅಂಗಡಿಗೆ ಉಳಿಯುವುದು ಸುಮಾರು 91. ಬಾಡಿಗೆ, ವಿದ್ಯುತ್ತು, ಸಂಬಳ ಎಲ್ಲವೂ ಆ 91ರಿಂದ ಹುಟ್ಟಬೇಕು. ಬೆಲೆ ಏರಿಸಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಜಪಾನಿನಲ್ಲಿ 200 ಯೆನ್ನಿನ ನಾಣ್ಯವಿಲ್ಲ. 1982ರಲ್ಲಿ ಬಂದ 500 ಯೆನ್ನಿನ ನಾಣ್ಯ ಒಂದು ಆಟಕ್ಕೆ ತೀರ ದುಬಾರಿ. ಎರಡು ನಾಣ್ಯ ಕೇಳಿದರೆ ಬೆಲೆ ಒಂದೇ ಏಟಿಗೆ ಎರಡರಷ್ಟು, ಎದುರಿನ ಅಂಗಡಿಯವನೋ 50 ಯೆನ್ನಿಗೆ ಆಡಿಸುತ್ತಿರುತ್ತಾನೆ. ಸಾಲದ್ದಕ್ಕೆ ಆಟಗಳು ನೆಟ್‌ವರ್ಕಿಗೆ ಬಂದ ಮೇಲೆ ತಯಾರಕರು ಯಂತ್ರದ ಬೆಲೆಯ ಜೊತೆಗೆ ಪ್ರತಿ ಆಟದ ಮೇಲೂ ಪಾಲು ಕೇಳತೊಡಗಿದರು. ಸಣ್ಣ ಅಂಗಡಿಗಳು ಮೊದಲು ಹೋದದ್ದು ಇದಕ್ಕೆ. ಮಿಠಾಯಿ ಅಂಗಡಿಯ ಮೂಲೆಯ ಎರಡು ಯಂತ್ರ, ನಿಲ್ದಾಣದ ಎದುರಿನ ಕಾಫಿ ಅಂಗಡಿಯ ಮೇಜು, ಇವು ಮುಂಚೆ ಅಳಿದವು. ಉಳಿದವರು ಒಂದು ನಾಣ್ಯಕ್ಕೆ ಹೆಚ್ಚು ದುಡಿಯುವ ಯಂತ್ರ ಹುಡುಕಿದರು. 1995ರಲ್ಲಿ ಅಟ್ಲಸ್ ಮತ್ತು ಸೆಗಾ ತಂದ ಪ್ರಿಂಟ್ ಕ್ಲಬ್ ಎಂಬ ಫೋಟೊ ಗೂಡು ಶಾಲೆ ಕಾಲೇಜಿನ ಹುಡುಗಿಯರನ್ನು ಹಿಂಡುಹಿಂಡಾಗಿ ಅಂಗಡಿಗೆ ಕರೆತಂದು ಒಂದು ಸಲಕ್ಕೆ 300 ಯೆನ್ ಗಳಿಸಿತು. ಗೊಂಬೆ ಎತ್ತುವ ಕ್ರೇನ್ ಯಂತ್ರದಲ್ಲಿ ಒಂದು ಯತ್ನ ಅರೆನಿಮಿಷವೂ ಇಲ್ಲ. ಇಂದು ಈ ವ್ಯಾಪಾರದ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ರೇನಿನದೇ. ಅದರ ಬಹುಮಾನದ ಬೆಲೆ 800 ಯೆನ್ ಮೀರಬಾರದೆಂಬ ಮಿತಿಯನ್ನು 2022ರಲ್ಲಿ 1,000ಕ್ಕೆ ಏರಿಸಲಾಯಿತು.

ಅಪರಿಚಿತರ ಜೊತೆ ಆಡುವ ಸುಖವನ್ನು ಈಗ ಇಂಟರ್‌ನೆಟ್ಟೇ ಕೊಡುತ್ತಿದೆ, ಅಂಗಡಿ ಬೇಕೇ ಎಂಬುದು ಇನ್ನೂ ಬಲವಾದ ಆಕ್ಷೇಪ. ಗೇಮ್ ಸೆಂಟರೇ ಇಲ್ಲದ ಊರಿನ ಹುಡುಗನಿಗೆ, ಸಿಗರೇಟಿನ ಹೊಗೆಯ ನಡುವೆ ಗಂಡಸರ ಸಾಲಿನಲ್ಲಿ ನಿಲ್ಲಲು ಮನಸ್ಸಾಗದ ಹುಡುಗಿಗೆ ಇಂಟರ್‌ನೆಟ್ ತೆರೆದ ಬಾಗಿಲು ದೊಡ್ಡದು, ಅದನ್ನು ಅಲ್ಲಗಳೆಯುವುದು ಅನ್ಯಾಯ. ಪ್ಯಾಕ್-ಮ್ಯಾನ್ ರೂಪಿಸಿದ ತೊರು ಇವತಾನಿಯೇ ಹೆಂಗಸರೂ ಜೋಡಿಗಳೂ ಬರುವಂಥ ಆಟ ಬೇಕೆಂದು ಅದನ್ನು ಮಾಡಿದ್ದು, ಅಂದರೆ ಆ ಜಾಗದ ಕೊರತೆ 1980ರಲ್ಲೇ ಗೊತ್ತಿತ್ತು. ಆದರೂ ಎರಡೂ ಒಂದೇ ಅಲ್ಲ. ಇಂಟರ್‌ನೆಟ್ಟಿನಲ್ಲಿ ಯಂತ್ರ ನನ್ನ ಮಟ್ಟದವನನ್ನೇ ಹುಡುಕಿ ಎದುರು ಕೂರಿಸುತ್ತದೆ. ಅಂಗಡಿಯಲ್ಲಿ ಆ ಬೀದಿಯಲ್ಲಿ ಹಾದುಹೋದವನು ಯಾರೋ ಅವನೇ ಎದುರಾಳಿ: ಕಚೇರಿ ಮುಗಿಸಿದ ಗುಮಾಸ್ತ, ಶಾಲೆಯ ಹುಡುಗ, ಊರಿಗೇ ಮೊದಲಿಗನಾದ ಆಟಗಾರ. ಸೋತವನು ಎದ್ದು ಹಿಂದೆ ನಿಂತು ಗೆದ್ದವನ ಕೈ ನೋಡುತ್ತಾನೆ. ವಯಸ್ಸು, ಕಸುಬು, ಸಂಬಳ ಯಾವುದೂ ಕೇಳದ ಇಂಥ ಬೆರಕೆ ನಗರದಲ್ಲಿ ಅಪರೂಪ, ಅದು ನಡೆಯಲು ನೆಲಮಟ್ಟದಲ್ಲಿ ತೆರೆದ ಒಂದು ಬಾಗಿಲು ಇರಬೇಕು.

ಅಂಥ ಬಾಗಿಲುಗಳು ಕೊರೊನಾ ಕಾಲದಲ್ಲಿ ಬೇಗಬೇಗ ಮುಚ್ಚಿದವು. ತೋಕಿಯೊದ ಅಕಿಹಾಬಾರಾದಲ್ಲಿದ್ದ ಸೆಗಾ ಎರಡನೆಯ ಕಟ್ಟಡ 2020ರ ಆಗಸ್ಟ್ 30ರಂದು ಮುಚ್ಚಿತು. 28 ವರ್ಷ ನಡೆದ ಇಕೆಬುಕುರೊದ ಗಿಗೊ ಎಂಬ ಆಟದಂಗಡಿ 2021ರ ಸೆಪ್ಟೆಂಬರಿನಲ್ಲಿ ಮುಚ್ಚಿದಾಗ ಬೀದಿ ತುಂಬ ಜನ ಸೇರಿ ಬೀಳ್ಕೊಟ್ಟರು. ಸೆಗಾ ತನ್ನ ಅಂಗಡಿಗಳ ಬಹುಪಾಲನ್ನು 2020ರ ಕೊನೆಯಲ್ಲಿ ಗೆಂಡಾ ಎಂಬ ಸಂಸ್ಥೆಗೆ ಮಾರಿತು, 2022ರಲ್ಲಿ ಉಳಿದ ಪಾಲನ್ನೂ ಬಿಟ್ಟುಕೊಟ್ಟಿತು. ರೈಲು ನಿಲ್ದಾಣಗಳ ಎದುರು ದಶಕಗಳ ಕಾಲ ಉರಿದ ಸೆಗಾ ಎಂಬ ನೀಲಿ ಹೆಸರಿನ ಜಾಗಕ್ಕೆ ಅದೇ ಗಿಗೊ ಹೆಸರಿನ ಕೆಂಪು ಫಲಕ ಬಂತು, ಒಳಗೆ ಕ್ರೇನುಗಳ ಸಾಲು ಬೆಳೆಯಿತು. ವಿದ್ಯಾರ್ಥಿಗಳ ಬಡಾವಣೆಯಾದ ತಕದನೊಬಾಬಾದಲ್ಲಿ ಮಿಕಾದೊ ಎಂಬ ಅಂಗಡಿ ಮಾತ್ರ ಬೇರೆ ದಾರಿ ಹಿಡಿದಿದೆ. ಅಲ್ಲಿ ಇಟ್ಟಿರುವುದು ಹೆಚ್ಚಾಗಿ ಹಳೆಯ ಆಟಗಳು. ಅವುಗಳಿಗೆ ಪಂದ್ಯ ಏರ್ಪಡಿಸುತ್ತಾರೆ, ಆ ಪಂದ್ಯಗಳನ್ನು ಇಂಟರ್‌ನೆಟ್ಟಿನಲ್ಲಿ ನೇರವಾಗಿ ತೋರಿಸುತ್ತಾರೆ. ದೂರದ ದೇಶಗಳಲ್ಲಿ ಅದನ್ನು ನೋಡುವವರಿದ್ದಾರೆ. ಯಂತ್ರಗಳು ಈಗಲೂ ಬೆನ್ನಿಗೆ ಬೆನ್ನು ಕೊಟ್ಟೇ ನಿಂತಿವೆ, ಕಿಂಡಿ ಈಗಲೂ ನಾಣ್ಯವನ್ನೇ ಕೇಳುತ್ತದೆ.