ಆಕಾಶವಾಣಿ ಧಾರವಾಡ ಮತ್ತು ಶಿಗ್ಗಾಂವ ಸೀಮೆಯ ಜನಪದ ಗಾಯನ

ಆಕಾಶವಾಣಿಯ ಧಾರವಾಡ ಕೇಂದ್ರ ಪ್ರಸಾರ ಆರಂಭಿಸಿದ್ದು 1950ರ ಜನವರಿ 8ರಂದು. ಉತ್ತರ ಕರ್ನಾಟಕದ ಜನಪದ ಗಾಯನಕ್ಕೆ, ಅದರಲ್ಲೂ ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವ, ಸವಣೂರ, ಹಾನಗಲ್ಲ, ಹಿರೇಕೆರೂರ ತಾಲೂಕುಗಳ ಭಜನೆ, ತತ್ವಪದ, ಸೋಬಾನ, ಡೊಳ್ಳಿನ ಪದ, ಲಾವಣಿಗಳಿಗೆ ಊರಾಚೆಯ ಕೇಳುಗರನ್ನು ಒದಗಿಸಿದ ಮೊದಲ ಸಾರ್ವಜನಿಕ ಸಂಸ್ಥೆಗಳಲ್ಲಿ ಇದು ಮುಖ್ಯವಾದುದು. ಕೇಂದ್ರದ ಕಾರ್ಯಕ್ರಮಗಳು, ಅವುಗಳ ಜೊತೆಜೊತೆಗೇ ನಡೆದು ಬಂದ ಜಾತ್ರೆ ಮತ್ತು ಭಜನಾ ಮೇಳಗಳು, ಕೊನೆಗೆ ಶಿಗ್ಗಾಂವ ತಾಲೂಕಿನ ಗೊಟಗೋಡಿಯಲ್ಲಿ ತಲೆಯೆತ್ತಿದ ಜಾನಪದ ವಿಶ್ವವಿದ್ಯಾಲಯ, ಈ ಮೂರೂ ಸೇರಿದರೆ ಇಲ್ಲಿನ ಹಾಡಿನ ಆಧುನಿಕ ಚರಿತ್ರೆಯಾಗುತ್ತದೆ.

ಬಾನುಲಿಗೆ ಮುಂಚೆ

ರೇಡಿಯೊ ಬರುವ ಹೊತ್ತಿಗೆ ಈ ಸೀಮೆ ಹಾಡಿನಿಂದ ತುಂಬಿತ್ತು. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹುಬ್ಬಳ್ಳಿಗೂ ಹಾವೇರಿಗೂ ನಡುವೆ ಇರುವ ಶಿಗ್ಗಾಂವದ ಸುತ್ತಮುತ್ತ ಹತ್ತಾರು ಹರದಾರಿಯೊಳಗೆ ಕನ್ನಡದ ಹಾಡುಗಬ್ಬದ ದೊಡ್ಡ ಹೆಸರುಗಳು ಒತ್ತೊತ್ತಾಗಿ ಸಿಗುತ್ತವೆ. ಕನಕದಾಸರ ಬಾಡ ಇದೇ ತಾಲೂಕಿನದು. ಸರ್ವಜ್ಞನೊಂದಿಗೆ ಹೆಸರು ಕೂಡಿಕೊಂಡಿರುವ ಅಬಲೂರು ಹಿರೇಕೆರೂರಿನ ಕಡೆಯದು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿ ಪಂಚಾಕ್ಷರಿ ಗವಾಯಿಗಳ (1892–1944) ಹುಟ್ಟೂರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಹುಟ್ಟಿದ್ದೂ ಅದೇ ತಾಲೂಕಿನಲ್ಲಿ. ಇಬ್ಬರೂ ಕಣ್ಣಿಲ್ಲದವರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರು ಸಾಕಿ ಕಲಿಸಿದ ಹುಡುಗರು ಊರೂರಿನ ಪುರಾಣ, ಕೀರ್ತನ, ನಾಟಕ ಕಂಪನಿಗಳಿಗೆ ಹಾರ್ಮೋನಿಯಂ ಮತ್ತು ತಬಲಾದವರಾದರು. ಹಳ್ಳಿಯ ಭಜನಾ ಮೇಳಕ್ಕೆ ಶಾಸ್ತ್ರೀಯ ರಾಗದ ಸುಳಿವು ಹತ್ತಿದ್ದು ಬಹುಮಟ್ಟಿಗೆ ಈ ದಾರಿಯಿಂದಲೇ.

ಎಲ್ಲಕ್ಕಿಂತ ಮಿಗಿಲಾಗಿ, ಶಿಗ್ಗಾಂವ ತಾಲೂಕಿನ ಶಿಶುವಿನಹಾಳದಲ್ಲಿ 1819ರ ಜುಲೈ 3ರಂದು ಹುಟ್ಟಿ 1889ರ ಜುಲೈ 3ರಂದೇ ತೀರಿಕೊಂಡ ಶರೀಫ ಸಾಹೇಬರಿದ್ದಾರೆ. ಇಮಾಮ ಸಾಹೇಬ ಮತ್ತು ಹಜ್ಜೂಮಾ ದಂಪತಿಗಳ ಮಗ; ಮುಲ್ಕಿ ಪರೀಕ್ಷೆ ಮುಗಿಸಿ ಕೆಲಕಾಲ ಸಾಲಿ ಮಾಸ್ತರಿಕೆ ಮಾಡಿ, ಬಿಟ್ಟು, ಕಳಸದ ಗೋವಿಂದ ಭಟ್ಟರ ಶಿಷ್ಯರಾದವರು. ಊರ ದೇವರಾದ ಶಿಶುನಾಳಾಧೀಶನನ್ನೇ ಅಂಕಿತವಾಗಿಸಿಕೊಂಡು ತತ್ವಪದ ಕಟ್ಟಿದರು, ಮೊಹರಮ್ಮಿಗೆ ರಿವಾಯತ ಪದಗಳನ್ನೂ ಕಟ್ಟಿದರು. ಈ ಪದಗಳು ಅಚ್ಚಾಗುವ ಮುನ್ನ ದಶಕಗಳ ಕಾಲ ಬದುಕಿದ್ದು ಭಜನೆಯವರ ಬಾಯಲ್ಲಿ ಮತ್ತು ಕೈಬರಹದ ವಹಿಗಳಲ್ಲಿ.

ಉಳಿದ ಹಾಡುಗಳಿಗೆ ಕವಿಯ ಹೆಸರಿಲ್ಲ, ಕೆಲಸದ ಹೆಸರಿದೆ. ಬೀಸುವಾಗಿನ ತ್ರಿಪದಿ, ಮದುವೆಯ ಸೋಬಾನ, ರಾತ್ರಿ ಕಣದಲ್ಲಿ ಮೇಟಿಯ ಸುತ್ತ ಎತ್ತು ತಿರುಗಿಸುತ್ತ ಹೇಳುವ ಹಂತಿ ಹಾಡು. ಹಾಲುಮತದವರ ಡೊಳ್ಳಿನ ಪದ, ಜೋಗತಿಯರ ಚೌಡಿಕೆ ಪದ, ಮೊಹರಮ್ಮಿನ ಅಲಾಯಿ ಕುಣಿತದ ಕರ್ಬಲಾ ಪದ, ಜಾತ್ರೆಯ ರಾತ್ರಿ ಹರದೇಶಿ–ನಾಗೇಶಿಯವರು ಸವಾಲು ಜವಾಬು ಹಾಕಿಕೊಂಡು ಬೆಳಗು ಹರಿಸುವ ಗೀಗೀ ಪದ, ಇವೆಲ್ಲ ಅದೇ ನೆಲದವು. ಗಂಡಿನ ಹೆಚ್ಚುಗಾರಿಕೆಯನ್ನು ಹರದೇಶಿ ಎತ್ತಿ ಹಿಡಿದರೆ ಹೆಣ್ಣಿನದನ್ನು ನಾಗೇಶಿ. ದಪ್ಪು, ತುಂತುಣಿ, ತಾಳ ಇಷ್ಟೇ ಅವರ ಸರಂಜಾಮು. ವಿಜಾಪುರ ಕಡೆಯ ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಹೊರತಂದಾಗ ಇಂಥ ಹಾಡು ಕಾವ್ಯವೆಂದು ಓದಿದವರಿಗೂ ಗೊತ್ತಾಯಿತು. ಆದರೆ ಅಚ್ಚಿನಲ್ಲಿ ದನಿ ಇರಲಿಲ್ಲ.

ಧಾರವಾಡ ಕೇಂದ್ರದ ಮೊದಲ ದಶಕಗಳು

ಸ್ವಾತಂತ್ರ್ಯ ಬಂದಾಗ ಭಾರತಕ್ಕೆ ಉಳಿದ ಆಕಾಶವಾಣಿ ಕೇಂದ್ರಗಳು ಆರು: ದೆಹಲಿ, ಮುಂಬಯಿ, ಕಲ್ಕತ್ತಾ, ಮದರಾಸು, ತಿರುಚಿರಾಪಳ್ಳಿ, ಲಖನೌ. ಕನ್ನಡದ ನೆಲದಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಆರಂಭಿಸಿದ್ದ ಕೇಂದ್ರ ಸಂಸ್ಥಾನದ ಆಶ್ರಯದಲ್ಲಿತ್ತು. ಶಿಗ್ಗಾಂವ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ತಾಲೂಕು. ಕಚೇರಿ ಕಾಗದಪತ್ರ ಮರಾಠಿಯ ನೆರಳಲ್ಲಿ ನಡೆಯುತ್ತಿದ್ದ ಕಾಲದಲ್ಲಿ, ಏಕೀಕರಣಕ್ಕೆ ಆರು ವರ್ಷ ಮೊದಲೇ, ಧಾರವಾಡದಿಂದ ಕನ್ನಡದ ದನಿ ದಿನವೂ ಬರತೊಡಗಿತು. ಇದರ ಬೆಲೆಯನ್ನು ರಾಜಕೀಯ ಚರಿತ್ರೆ ಇನ್ನೂ ಸರಿಯಾಗಿ ಅಳೆದಿಲ್ಲ.

ಕೇಂದ್ರಕ್ಕೆ ದೊರೆತ ಜನರೂ ಸಾಮಾನ್ಯರಲ್ಲ. ಮಲ್ಲಿಕಾರ್ಜುನ ಮನಸೂರ ಸಂಗೀತ ಸಲಹೆಗಾರರಾಗಿದ್ದರು. ಸೋಲಾಪುರದ ಕಾಲೇಜಿನಿಂದ ನಿವೃತ್ತರಾದ ದ.ರಾ. ಬೇಂದ್ರೆ 1956ರಲ್ಲಿ ಸಲಹೆಗಾರರಾಗಿ ಬಂದರು. ಕಾದಂಬರಿಕಾರ ಎನ್ಕೆ ಕುಲಕರ್ಣಿ ಅಲ್ಲಿಯೇ ಕೆಲಸ ಮಾಡಿದರು. ಹಾಡಿನ ಧಾಟಿಯಲ್ಲೇ ಕವಿತೆ ಕಟ್ಟುತ್ತಿದ್ದ ಬೇಂದ್ರೆಯವರಂಥವರು ಸಲಹೆಗಾರರಾಗಿದ್ದ ಕಡೆ ಹಳ್ಳಿಯ ಹಾಡುಗಾರನನ್ನು ಕೀಳಾಗಿ ಕಾಣುವುದು ಸುಲಭವಿರಲಿಲ್ಲ.

ದೆಹಲಿಯ ಒಂದು ತೀರ್ಮಾನವೂ ಪರೋಕ್ಷವಾಗಿ ನೆರವಾಯಿತು. 1952ರಲ್ಲಿ ವಾರ್ತಾ ಮಂತ್ರಿಯಾದ ಬಿ.ವಿ. ಕೇಸ್ಕರ್ ಸಿನಿಮಾ ಹಾಡುಗಳನ್ನು ಆಕಾಶವಾಣಿಯಿಂದ ಬಹುಪಾಲು ಹೊರಗಿಟ್ಟರು. ಕೇಳುಗರು ರೇಡಿಯೊ ಸಿಲೋನಿಗೆ ಹೊರಳಿದರು, ನಿಜ. 1957ರಲ್ಲಿ ವಿವಿಧ ಭಾರತಿ ಹುಟ್ಟಿದ್ದು ಆ ಪೆಟ್ಟಿನಿಂದಲೇ. ಆದರೆ ನಡುವಿನ ವರ್ಷಗಳಲ್ಲಿ ತೆರವಾದ ವೇಳೆಯನ್ನು ಪ್ರಾದೇಶಿಕ ಕೇಂದ್ರಗಳು ಸುಗಮ ಸಂಗೀತ, ಭಾವಗೀತೆ, ಜನಪದ ಗೀತೆಗಳಿಂದ ತುಂಬಬೇಕಾಯಿತು. ಬೆಳಗಾವಿ ಜಿಲ್ಲೆಯ ಮುರಗೋಡದ ಹುಕ್ಕೇರಿ ಬಾಳಪ್ಪ (1911–1992) ಮನೆಮಾತಾದದ್ದು ಈ ವಾತಾವರಣದಲ್ಲಿ. ಸಾವಿರ ಹಾಡಿನ ಸರದಾರ ಎಂದು ಕರೆಸಿಕೊಂಡ ಅವರು ಜನಪದ ಗೀತೆ, ತತ್ವಪದ, ಬೇಂದ್ರೆ ಮತ್ತು ಆನಂದಕಂದರ ಕವಿತೆಗಳನ್ನು ಒಂದೇ ಕೊರಳಿನಲ್ಲಿ ಕೂಡಿಸಿ ಹಾಡಿದರು. ಓದುವ ಕವಿತೆಗೂ ಒಕ್ಕುವ ಕಣದ ಪದಕ್ಕೂ ನಡುವಿನ ಗೋಡೆಯನ್ನು ಅವರಷ್ಟು ಸಲೀಸಾಗಿ ದಾಟಿದವರು ವಿರಳ.

ರೇಡಿಯೊ ಪೆಟ್ಟಿಗೆ ಆಗ ಮನೆಮನೆಯ ಸೊತ್ತಲ್ಲ. ಅದಕ್ಕೆ ಲೈಸೆನ್ಸು ಬೇಕಿತ್ತು. ಹಳ್ಳಿಯ ಜನ ಪಂಚಾಯತಿಯ ರೇಡಿಯೊದ ಮುಂದೆ ಕೂಡಿ ಕೇಳುತ್ತಿದ್ದರು. 1956ರಲ್ಲಿ ಯುನೆಸ್ಕೊ ನೆರವಿನಿಂದ ಪುಣೆಯ ಆಸುಪಾಸಿನ ಐದು ಜಿಲ್ಲೆಗಳಲ್ಲಿ ನಡೆದ ಗ್ರಾಮೀಣ ರೇಡಿಯೊ ವೇದಿಕೆಯ ಪ್ರಯೋಗ, 1959ರಿಂದ ದೇಶಕ್ಕೆಲ್ಲ ಹಬ್ಬಿ, ಈ ಕೂಡಿ ಕೇಳುವ ರೂಢಿಗೆ ಒಂದು ಕ್ರಮ ಕೊಟ್ಟಿತು. ಬೀಜ, ಗೊಬ್ಬರ, ಮಳೆಯ ಮಾತಿನ ನಡುವೆ ಒಂದು ಪದ ಬರುತ್ತಿತ್ತು. ಸಲಹೆಯನ್ನು ಮರೆತವರೂ ಪದವನ್ನು ಕಾಯುತ್ತಿದ್ದರು.

ಸ್ಟುಡಿಯೊದೊಳಗೆ

ಜನಪದ ಗಾಯಕರಿಗೂ ಆಕಾಶವಾಣಿಯಲ್ಲಿ ಧ್ವನಿ ಪರೀಕ್ಷೆ ಉಂಟು. ಪರೀಕ್ಷೆಯಲ್ಲಿ ಗೆದ್ದವರಿಗೆ ‘ಬಿ’, ‘ಬಿ ಹೈ’, ‘ಎ’ ಎಂದು ಶ್ರೇಣಿ, ಶ್ರೇಣಿಗೆ ತಕ್ಕ ಸಂಭಾವನೆ. ತಾರೀಖು, ವೇಳೆ, ಹಾಡುವ ಅವಧಿ ನಮೂದಿಸಿದ ಕರಾರು ಪತ್ರ ಅಂಚೆಯಲ್ಲಿ ಬರುತ್ತದೆ. ಮಂದಿಯ ಮುಂದೆ ಕಾಯಿ, ಬಾಳೆಹಣ್ಣು, ಒಂದು ಟವೆಲ್ಲು ಇಷ್ಟನ್ನೇ ಮರ್ಯಾದೆಯಾಗಿ ಪಡೆಯುತ್ತಿದ್ದ ಹಾಡುಗಾರನಿಗೆ ಸರಕಾರದ ಮುದ್ರೆಯ ಆ ಕಾಗದ ಬೇರೆಯದೇ ಮಾನ ತಂದಿತು. ‘ರೇಡಿಯೊ ಕಲಾವಿದರು’ ಎಂಬ ಮಾತು ಜಾತ್ರೆಯ ಕರಪತ್ರದಲ್ಲಿ ಹೆಸರಿನ ಜೊತೆಗೆ ಅಚ್ಚಾಗತೊಡಗಿತು, ಇಂದಿಗೂ ಆಗುತ್ತದೆ.

ಹಾಡಿಗೆ ಬಂದ ಬದಲಾವಣೆಯನ್ನು ಹತ್ತಿರದಿಂದ ನೋಡಬೇಕು. ಶ್ರಾವಣದ ಸೋಮವಾರ ಗುಡಿಯಲ್ಲಿ ಕೂತ ಮೇಳಕ್ಕೆ ಗಡಿಯಾರದ ಹಂಗಿಲ್ಲ. ಮುಂದಿನವನು ಪಲ್ಲ ಎತ್ತುತ್ತಾನೆ, ಹಿಂದಿನವರು ಹಿಡಿಯುತ್ತಾರೆ, ಹುರುಪು ಏರುವವರೆಗೆ ಅದನ್ನೇ ತಿರುಗಿಸುತ್ತಾರೆ. ನಡುವೆ ನಿಲ್ಲಿಸಿ ಒಂದು ನುಡಿಯ ಒಳಗುಟ್ಟನ್ನು ಹಿರಿಯರೊಬ್ಬರು ಬಿಡಿಸಿ ಹೇಳುತ್ತಾರೆ. ಯಾರೋ ಇದಿರು ಪ್ರಶ್ನೆ ಹಾಕುತ್ತಾರೆ. ಉತ್ತರ ಇನ್ನೊಂದು ಪದದಲ್ಲಿ ಬರುತ್ತದೆ. ಸ್ಟುಡಿಯೊದಲ್ಲಿ ಕೆಂಪು ದೀಪ ಹತ್ತಿದ ಮೇಲೆ ಸಿಗುವುದು ಹತ್ತೋ ಹದಿನೈದೋ ನಿಮಿಷ. ಅಂಕಿತ ಬಾರದೆ ತತ್ವಪದ ಮುಗಿಯುವುದಿಲ್ಲ ಎಂಬುದು ಭಜನೆಯವರ ಕಟ್ಟಳೆ. ಆದ್ದರಿಂದ ಕತ್ತರಿ ಬಿದ್ದದ್ದು ನುಡಿಗಳಿಗಲ್ಲ, ಪಲ್ಲದ ಆವರ್ತನೆಗೆ ಮತ್ತು ನಡುವಿನ ವಿವರಣೆಗೆ. ಪದದ ಪಾಠ ಪೂರ್ತಿ ಉಳಿಯಿತು. ಅದನ್ನು ಚರ್ಚಿಸುವ ಕೂಟ ಹೊರಗೆ ಉಳಿಯಿತು. ಬೀಸುವ ಪದಕ್ಕೆ ಕಲ್ಲಿನ ಗರಗರ ಇಲ್ಲವಾಯಿತು, ಹಂತಿ ಹಾಡಿಗೆ ಎತ್ತಿನ ಕೊರಳ ಗೆಜ್ಜೆ ಇಲ್ಲವಾಯಿತು. ಏಕತಾರಿ, ದಮ್ಮಡಿ ಸಾಕಾಗಿದ್ದ ಕಡೆ ಹಾರ್ಮೋನಿಯಂ, ತಬಲಾ ಕಾಯಂ ಆದವು.

ನಷ್ಟ ಇಷ್ಟಾದರೂ ಗಳಿಕೆ ಅದಕ್ಕಿಂತ ದೊಡ್ಡದು ಎಂಬುದೇ ನ್ಯಾಯವಾದ ಮಾತು. ಹಿಟ್ಟಿನ ಗಿರಣಿ ಬೀಸುವ ಕಲ್ಲನ್ನೂ ಒಕ್ಕುವ ಯಂತ್ರ ಹಂತಿಯನ್ನೂ ಹೇಗೂ ಮೂಲೆಗೆ ಸರಿಸಲಿದ್ದವು. ಆ ಕೆಲಸಗಳು ನಿಲ್ಲುವ ಮೊದಲೇ ಅವುಗಳ ಹಾಡನ್ನು ಕೆಲಸ ಮಾಡಿ ಬಲ್ಲ ಹೆಂಗಸರ, ಒಕ್ಕಲಿಗರ ಕೊರಳಿನಿಂದಲೇ ಕೇಳಿಸಿದ್ದು ಬಾನುಲಿ. ಮನೆಯ ಅಂಗಳ ದಾಟಿ ಹಾಡದ ಸೋಬಾನದ ಹೆಂಗಸರಿಗೆ ಮೈಕಿನ ಮುಂದೆ ಕೂಡುವ ಅವಕಾಶ ಸಿಕ್ಕಿದ್ದೂ ಅಲ್ಲಿಯೇ. 765 ಕಿಲೊಹರ್ಟ್ಸ್ ಮಧ್ಯಮ ತರಂಗದ, ಮುಂದೆ 200 ಕಿಲೊವಾಟಿಗೆ ಏರಿದ ಪ್ರಸಾರದಿಂದ ಧಾರವಾಡದ ಆಡುಮಾತು ತುಂಗಭದ್ರೆಯ ಆಚೆಗೂ ಹಾಡಾಗಿ ತಲುಪಿತು.

ಇದೇ ಕಾಲದಲ್ಲಿ ಬ್ರಿಟನ್ನಿನ ಬಿಬಿಸಿ 1952ರಿಂದ 1957ರವರೆಗೆ ಪೀಟರ್ ಕೆನಡಿ, ಶೇಮಸ್ ಎನಿಸ್ ಮೊದಲಾದವರನ್ನು ಹಳ್ಳಿಗಳಿಗೆ ಕಳಿಸಿ ಜನಪದ ಹಾಡು ಮತ್ತು ಆಡುಮಾತನ್ನು ಧ್ವನಿಮುದ್ರಿಸಿತು. ಆ ಸಂಗ್ರಹ ಇಂದಿಗೂ ಸಂಶೋಧಕರಿಗೆ ಆಕರವಾಗಿದೆ. ಅಮೆರಿಕದ ನ್ಯಾಶ್‌ವಿಲ್ಲಿನಲ್ಲಿ 1925ರಲ್ಲಿ ಆರಂಭವಾದ ‘ಗ್ರ್ಯಾಂಡ್ ಓಲ್ ಆಪ್ರಿ’ ರೇಡಿಯೊ ಕಾರ್ಯಕ್ರಮ ಅಲ್ಲಿನ ಹಳ್ಳಿಗಾಡಿನ ಹಾಡನ್ನು ದೊಡ್ಡ ಉದ್ಯಮವಾಗಿಸಿತು. ಧಾರವಾಡದಲ್ಲಿ ಹಾಡು ಉದ್ಯಮವಾಗಲಿಲ್ಲ. ಹಾಡುಗಾರ ಒಕ್ಕಲುತನ ಬಿಡಲಿಲ್ಲ. ಸ್ಟುಡಿಯೊದಿಂದ ಬಂದವನು ಮರುದಿನ ಹೊಲಕ್ಕೇ ಹೋದ.

ಶರೀಫರ ಪದಗಳ ಹರಹು

ಶಿಶುವಿನಹಾಳದ ಪದಗಳು ಧಾರವಾಡ ಸೀಮೆಯಲ್ಲಿ ಭಜನೆ ಮತ್ತು ಬಾನುಲಿ ಎರಡರಲ್ಲೂ ಹರಿದಾಡುತ್ತಿದ್ದರೂ ಹಳೇ ಮೈಸೂರಿನ ಓದುಗರಿಗೆ ಅಷ್ಟಾಗಿ ಪರಿಚಿತವಿರಲಿಲ್ಲ. ಸಿ. ಅಶ್ವತ್ಥ್ ಅವುಗಳಿಗೆ ಹೊಸ ಧಾಟಿ ಕೂಡಿಸಿದ ಮೇಲೆ, ಅವರದೂ ಶಿವಮೊಗ್ಗ ಸುಬ್ಬಣ್ಣ ಅವರದೂ ಕೊರಳಿನಲ್ಲಿ, ಕ್ಯಾಸೆಟ್ಟಿನ ಮೂಲಕ ಅವು ಬೆಂಗಳೂರಿನ ಮನೆಗಳನ್ನು ಹೊಕ್ಕವು. 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಿತ್ರದಲ್ಲಿ ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡ ಗೋವಿಂದ ಭಟ್ಟರಾಗಿ ಅಭಿನಯಿಸಿದರು. ರಾಷ್ಟ್ರೀಯ ಭಾವೈಕ್ಯದ ಅತ್ಯುತ್ತಮ ಚಿತ್ರವೆಂದು ಅದಕ್ಕೆ ನರ್ಗಿಸ್ ದತ್ ಪ್ರಶಸ್ತಿ ಸಂದಿತು.

ಇದರ ಪರಿಣಾಮ ತಿರುಗಿ ಊರಿಗೂ ಮುಟ್ಟಿತು. ಜಾತ್ರೆಗೆ ಬರುವ ತರುಣರ ಮೇಳಗಳು ಅಜ್ಜಂದಿರ ಭಜನೆ ಧಾಟಿಯ ಬದಲು ಕ್ಯಾಸೆಟ್ಟಿನ ಧಾಟಿಯನ್ನೇ ಹಿಡಿದದ್ದುಂಟು. ಅಶ್ವತ್ಥರ ಧಾಟಿ ಸೊಗಸಾದದ್ದು, ಶರೀಫರನ್ನು ಕನ್ನಡಕ್ಕೆಲ್ಲ ಕೊಟ್ಟದ್ದು. ಹಾಗಿದ್ದೂ ಒಂದೇ ಪದಕ್ಕೆ ಊರಿಗೊಂದು ಧಾಟಿ ಇದ್ದ ಸಿರಿ ಕರಗುತ್ತಿರುವುದು ಚಿಂತೆಯ ವಿಷಯ. ಈ ಹಳೆಯ ಧಾಟಿಗಳಿಗೆ ಭಜನಾ ಮೇಳಗಳ ಹಿರಿಯರನ್ನು ಬಿಟ್ಟರೆ ಆಸರೆ ಬಾನುಲಿಯ ಧ್ವನಿಮುದ್ರಿಕೆಗಳು. ಶರೀಫರ ಗದ್ದುಗೆಗೆ ಹಿಂದೂ–ಮುಸಲ್ಮಾನರಿಬ್ಬರೂ ನಡೆದುಕೊಳ್ಳುತ್ತಾರೆ. ಜಾತ್ರೆಯ ರಾತ್ರಿ ಸುತ್ತಣ ಊರುಗಳ ಮೇಳಗಳು ಅಲ್ಲಿ ಸೇವೆಯೆಂದೇ ಹಾಡುತ್ತವೆ, ಸಂಭಾವನೆಗಲ್ಲ.

ಗೊಟಗೋಡಿ ಮತ್ತು ಈಚಿನ ದಿನಗಳು

1997ರ ಆಗಸ್ಟ್ 24ರಂದು ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. ಅದೇ ವರ್ಷದ ನವೆಂಬರಿನಲ್ಲಿ ಆಕಾಶವಾಣಿ, ದೂರದರ್ಶನಗಳು ಪ್ರಸಾರ ಭಾರತಿಯ ಅಧೀನಕ್ಕೆ ಬಂದವು. ಆಡಳಿತದಲ್ಲಿ ಧಾರವಾಡದಿಂದ ಬೇರೆಯಾದರೂ ಬಾನುಲಿಯ ಮಟ್ಟಿಗೆ ಶಿಗ್ಗಾಂವ ಧಾರವಾಡದ ಕಿವಿಯೊಳಗೇ ಉಳಿಯಿತು. ಹೆದ್ದಾರಿಯ ಮಗ್ಗುಲಿಗಿರುವ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ‘ಉತ್ಸವ ರಾಕ್ ಗಾರ್ಡನ್’ ಉತ್ತರ ಕರ್ನಾಟಕದ ಹಳ್ಳಿ ಬದುಕನ್ನು ಶಿಲ್ಪಗಳಲ್ಲಿ ತೋರಿಸುತ್ತದೆ. ದೊಡ್ಡಾಟದ ಉಳಿವಿಗೂ ದುಡಿದವರು ಅವರು.

ಅದೇ ಗೊಟಗೋಡಿಯಲ್ಲಿ 2011ರಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅಂಬಳಿಕೆ ಹಿರಿಯಣ್ಣ ಮೊದಲ ಕುಲಪತಿ. ಜಾನಪದಕ್ಕೇ ಮೀಸಲಾದ ವಿಶ್ವವಿದ್ಯಾಲಯ ಬೆಂಗಳೂರು, ಮೈಸೂರುಗಳನ್ನು ಬಿಟ್ಟು ಶರೀಫರ, ಕನಕದಾಸರ ತಾಲೂಕಿಗೆ ಬಂದದ್ದು ಸರಿಯಾದ ಆಯ್ಕೆ. 2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ ನಡೆದ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಜಾನಪದ ಲಯದ ಕವಿ ದೊಡ್ಡರಂಗೇಗೌಡರು ಅಧ್ಯಕ್ಷರಾಗಿದ್ದರು.

ಇಂದು ಧಾರವಾಡ ಕೇಂದ್ರವನ್ನು ಮೊಬೈಲಿನ ‘ನ್ಯೂಸ್ ಆನ್ ಏರ್’ ಆ್ಯಪಿನಲ್ಲೂ ಕೇಳಬಹುದು. ಊರು ಬಿಟ್ಟು ದುಡಿಯಲು ಹೋದ ಮಕ್ಕಳಿಗೆ ಇದೊಂದು ಅನುಕೂಲ. ಭಜನಾ ಮೇಳಗಳು ತಮ್ಮ ಹಾಡನ್ನು ತಾವೇ ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕುವುದೂ ಸಾಮಾನ್ಯವಾಗಿದೆ. ಅಲ್ಲಿ ಹತ್ತು ನಿಮಿಷದ ಕಟ್ಟಿಲ್ಲ, ಶ್ರೇಣಿಯೂ ಇಲ್ಲ. ಆದರೆ ಹಾಡಿದವರ ಊರು, ಧಾಟಿ, ಪದಕಾರರ ಹೆಸರನ್ನು ಬರೆದಿಡುವ ಶಿಸ್ತೂ ಇಲ್ಲ. ಬಾನುಲಿ ಪ್ರತಿ ಪ್ರಸಾರಕ್ಕೂ ಗಾಯಕರ ಹೆಸರು ಹೇಳುತ್ತಿತ್ತು.

ಧಾರವಾಡದ ಧ್ವನಿಮುದ್ರಿಕೆಗಳೂ ಗೊಟಗೋಡಿಯ ಅಧ್ಯಯನವೂ ಒಂದೆಡೆ ಕೂಡಿದರೆ ಈ ಸೀಮೆಯ ಧಾಟಿಗಳ ಪೂರ್ಣ ದಾಖಲೆ ಸಾಧ್ಯ. ಅಜ್ಜ ಅಜ್ಜಿಯರು ರೇಡಿಯೊದಲ್ಲಿ ಹಾಡಿದ್ದ ಮನೆತನಗಳು ಕರಾರು ಪತ್ರ, ಹಳೆಯ ಕ್ಯಾಸೆಟ್ಟು, ಪದ ಬರೆದಿಟ್ಟ ವಹಿ ಇದ್ದರೆ ಎಸೆಯಬಾರದು. ಒಂದು ಪ್ರತಿ ತೆಗೆಸಿ ವಿಶ್ವವಿದ್ಯಾಲಯಕ್ಕೆ ಮುಟ್ಟಿಸಬೇಕು.