ಭೂಗರ್ಭ ಕಾದಂಬರಿಗಳ ನಕ್ಷೆ

ಭೂಮಿಯೊಳಗೆ ನಡೆಯುವ ವೈಜ್ಞಾನಿಕ ಸಾಹಸ ಕಾದಂಬರಿಗಳ ಕಲ್ಪಿತ ಲೋಕವನ್ನು ತೋರಿಸಲು ಸಾಮಾನ್ಯ ಭೂಪಟ ಸಾಲದು. ನೆಲವನ್ನು ಸೀಳಿ ಆಳವನ್ನು ತೋರುವ ಲಂಬ ಛೇದ ಬೇಕು. ಜೂಲ್ಸ್ ವರ್ನ್‌ನ ‘ಭೂಕೇಂದ್ರಕ್ಕೆ ಪ್ರಯಾಣ’ (1864) ಕಾದಂಬರಿಯ ಪ್ರೊಫೆಸರ್ ಲೀಡನ್‌ಬ್ರಾಕ್ ಬಿಡಿಸಲು ಬಯಸುವುದೂ ಅಂಥದ್ದನ್ನೇ. ಐಸ್‌ಲ್ಯಾಂಡಿನ ಸ್ನೈಫೆಲ್ ಜ್ವಾಲಾಮುಖಿಯಲ್ಲಿ ತಂಡದೊಂದಿಗೆ ಇಳಿದವನು ದಿಕ್ಸೂಚಿ, ಒತ್ತಡಮಾಪಕಗಳಿಂದ ದಾರಿಯನ್ನು ಗುರುತಿಸುತ್ತಾ ಸಾಗುತ್ತಾನೆ. ನಡುವೆ ಬೆಂಕಿಯುಂಡೆಯೊಂದು ದಿಕ್ಸೂಚಿಯ ಧ್ರುವಗಳನ್ನು ಅದಲುಬದಲು ಮಾಡುತ್ತದೆ. ಉತ್ತರಕ್ಕೆ ಹೋಗುತ್ತಿದ್ದೇವೆಂದು ನಂಬಿದ ತಂಡ ಇಟಲಿಯ ಸ್ಟ್ರಾಂಬೊಲಿಯಲ್ಲಿ ಹೊರಬೀಳುತ್ತದೆ. ಈ ಕಥೆಯನ್ನು ನಕ್ಷೆಗಿಳಿಸುವಾಗ ಅತ್ಯಂತ ಎಚ್ಚರ ಬೇಕಾದ ಜಾಗ ದಿಕ್ಸೂಚಿ ತಿರುಗಿದ ಇದೇ ಘಟ್ಟ. ಎಡ್ಗರ್ ರೈಸ್ ಬರೋಸ್‌ನ ಕಥೆಗಳಲ್ಲಿ 1914ರಲ್ಲಿ ಮೊದಲು ಕಾಣಿಸಿಕೊಂಡ ಭೂಗರ್ಭ ಲೋಕ ಪೆಲ್ಯುಸಿಡರ್ ಇನ್ನೂ ಕಷ್ಟದ್ದು: ಅಲ್ಲಿನ ಒಳಸೂರ್ಯ ಸದಾ ನೆತ್ತಿಯ ಮೇಲೆ, ನಕ್ಷತ್ರಗಳೇ ಇಲ್ಲ.

ಕಾದಂಬರಿಯಲ್ಲಷ್ಟೇ ಅಲ್ಲ, ನಿಜದ ಕೋಲಾರ ಚಿನ್ನದ ಗಣಿಗಳಲ್ಲೂ ಇಂಥ ಛೇದನಕ್ಷೆ ದಿನನಿತ್ಯದ ಕೆಲಸವಾಗಿತ್ತು. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಕವಲುಮಾರ್ಗದ ರೈಲಿನಲ್ಲಿ ಕುಳಿತವರಿಗೆ ಕಾಣುವುದು ಗಣಿತ್ಯಾಜ್ಯದ ಸಯನೈಡ್ ದಿಬ್ಬಗಳು, ಶಾಫ್ಟ್‌ಗಳ (ಗಣಿಬಾವಿಗಳ) ಮೇಲಿನ ಕಬ್ಬಿಣದ ಗೋಪುರಗಳು ಮಾತ್ರ. ಚಾಂಪಿಯನ್ ಅದಿರುಪಟ್ಟಿ ಉತ್ತರ-ದಕ್ಷಿಣವಾಗಿ ಹರಡಿ ಪಶ್ಚಿಮಕ್ಕೆ ವಾಲಿರುವುದರಿಂದ ಶಾಫ್ಟ್, ಹಂತ, ಸುರಂಗಗಳ ನಿಜ ಸಂಬಂಧ ತಿಳಿಯುವುದು ಛೇದದಲ್ಲೇ. ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿ.ಮೀ. ಆಳಕ್ಕೆ ಇಳಿದಿತ್ತು, ಅಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ಮೀರಿತ್ತು. ಆಳಕ್ಕಿಳಿದಂತೆ ಬಿಸಿ ಏರುತ್ತದೆಂಬ ವಾದವನ್ನು ಕಾದಂಬರಿಯ ಲೀಡನ್‌ಬ್ರಾಕ್ ಒಪ್ಪುವುದಿಲ್ಲ. ಕೋಲಾರದ ಕಾರ್ಮಿಕರಾದರೋ ಅದೇ ಬಿಸಿಯಲ್ಲಿ ಬೆವರು ಸುರಿಸಿ ದುಡಿದರು. 2001ರಲ್ಲಿ ಗಣಿಗಾರಿಕೆ ನಿಂತ ಬಳಿಕ ಕೆಳಹಂತಗಳಲ್ಲಿ ನೀರು ತುಂಬಿಕೊಂಡಿತು.